ಇಪ್ಪತ್ತು ಮಿಲಿಮೀಟರ್ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿರುವ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಜೋಳ, ಗೋವಿನಜೋಳ, ಕಡಲೆಯ ರಾಶಿ ಮಾಡುವ ಯಂತ್ರಗಳು ತಯಾರಾಗುತ್ತವೆ. ಖರೀದಿ ಮತ್ತು ಸ್ಟೋರ್ಸ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಮೋಟಾರು, ಬೇರಿಂಗು, ಬೆಲ್ಟುಗಳ ಆರ್ಡರ್ ಬರೆಯುವಾಗ ನಾನು ಮೊದಲಿನಿಂದಲೂ ಎರಡೆರಡು ಸಲ ಓದುತ್ತಿದ್ದೆ. ಸ್ಕ್ರೂ ಮತ್ತು ಬೋಲ್ಟುಗಳಿಗೆ ಮಾತ್ರ ಆ ಎಚ್ಚರವಿರಲಿಲ್ಲ. ಬೆಲೆ ಕಡಿಮೆ, ಅಂಗಡಿಯವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಭಾವನೆಯಿಂದ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಆ ಅಭ್ಯಾಸವನ್ನು ಬಿಡಿಸಿದ್ದು ಐದುನೂರು ನಗ ಸಿಎಸ್‌ಕೆ, ಅಂದರೆ ಕೌಂಟರ್‌ಸಂಕ್ ಸ್ಕ್ರೂಗಳು.

ನಮ್ಮ ಯಂತ್ರದ ಗೇರ್‌ಬಾಕ್ಸಿಗೆ ಬೀಡುಕಬ್ಬಿಣದ ಮೈ ಇದೆ. ಅದರ ಮೇಲೆ 10 ಮಿ.ಮೀ. ದಪ್ಪದ ಉಕ್ಕಿನ ಮುಚ್ಚಳ ಕೂರುತ್ತದೆ. ಮುಚ್ಚಳದ ಮೇಲೆಯೇ ಬೆಲ್ಟ್ ಹಾಯುವುದರಿಂದ ಸ್ಕ್ರೂವಿನ ತಲೆ ಮೇಲೆದ್ದು ನಿಲ್ಲುವಂತಿಲ್ಲ. ಆದ್ದರಿಂದ ತಲೆ ಮುಚ್ಚಳದೊಳಗೆ ಸಮನಾಗಿ ಇಳಿಯುವ, ತಲೆಯ ಆರು ಮೂಲೆಯ ಕುಳಿಗೆ ಅಲೆನ್ ಕೀ ಹಾಕಿ ಬಿಗಿಯುವ ಸಿಎಸ್‌ಕೆ ಸ್ಕ್ರೂಗಳನ್ನೇ ಹಾಕುತ್ತೇವೆ. ಒಮ್ಮೆ ದಾಸ್ತಾನು ಮುಗಿದಾಗ ಹಳೆಯ ಸ್ಕ್ರೂ ಒಂದನ್ನು ಕೈಗೆತ್ತಿಕೊಂಡು ವರ್ನಿಯರ್ ಹಿಡಿದೆ. ಆರು ಮೂಲೆಯ ತಲೆಯ ಸಾಮಾನ್ಯ ಹೆಕ್ಸ್ ಬೋಲ್ಟಿನ ಉದ್ದವನ್ನು ತಲೆಯ ಕೆಳಗಿನಿಂದ ಅಳೆಯುವುದು ರೂಢಿ. ಅದೇ ರೂಢಿಯಂತೆ ಇಳಿಜಾರು ತಲೆ ಮುಗಿಯುವ ಜಾಗದಿಂದ ತುದಿಯವರೆಗೆ ಅಳೆದಾಗ 20 ಮಿ.ಮೀ. ಬಂತು. ‘ಎಂ8, 20 ಉದ್ದ, ಸಿಎಸ್‌ಕೆ, ಐದುನೂರು’ ಎಂದು ಪೂರೈಕೆದಾರರಿಗೆ ಹೇಳಿದೆ. ಎಂ8 ಎಂದರೆ 8 ಮಿ.ಮೀ. ವ್ಯಾಸದ ಮೆಟ್ರಿಕ್ ಸ್ಕ್ರೂ. ನಾಲ್ಕನೆಯ ದಿನ ಡಬ್ಬಿಗಳು ಬಂದವು. ಮೇಲಿನ ಚೀಟಿಯಲ್ಲಿ ಎಂ8, 20 ಎಂದೇ ಬರೆದಿತ್ತು. ನಾನು ಎಣಿಸಿ ಒಳಗಿಟ್ಟೆ.

ಜೋಡಣೆಯ ಕೆಲಸ ನೋಡುವ ನಮ್ಮ ಹಿರಿಯ ಫಿಟರ್‌ರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತೇವೆ. ಮರುದಿನ ಮಧ್ಯಾಹ್ನ ಅವರು ಒಂದು ಸ್ಕ್ರೂ ಹಿಡಿದುಕೊಂಡು ಸ್ಟೋರ್ಸಿನ ಬಾಗಿಲಿಗೆ ಬಂದರು. “ಸರ, ಸ್ಕ್ರೂ ಬರೇ ತಿರಗಾಕ ಹತ್ತೈತ್ರಿ, ಹಿಡಿಯವಲ್ದು” ಎಂದರು. ಅವರ ಅಂಗೈಯಲ್ಲಿದ್ದ ಸ್ಕ್ರೂವಿನ ಸುರುಳಿಗಳ ನಡುವೆ ಬೀಡುಕಬ್ಬಿಣದ ಬೂದುಬಣ್ಣದ ಪುಡಿ ತುಂಬಿಕೊಂಡಿತ್ತು. ಅದು ಗೇರ್‌ಬಾಕ್ಸಿನ ರಂಧ್ರದಲ್ಲಿದ್ದ ಥ್ರೆಡ್ಡೇ, ಅಂದರೆ ಒಳಸುರುಳಿಯೇ, ಕಿತ್ತು ಬಂದ ಪುಡಿ.

ಆಗ ಹೊಸ ಸ್ಕ್ರೂವನ್ನೂ ಹಳೆಯದನ್ನೂ ಮೇಜಿನ ಮೇಲೆ ತಲೆಗೆ ತಲೆ ಹಚ್ಚಿ ಇಟ್ಟು ನೋಡಿದೆ. ಹಳೆಯದು ತಲೆಯೂ ಸೇರಿ 25 ಮಿ.ಮೀ. ಇತ್ತು, ಹೊಸದು ತಲೆ ಸೇರಿ 20. ತಪ್ಪು ಪೂರೈಕೆದಾರರದಲ್ಲ. ತಲೆ ಹೊರಗೆ ಉಳಿಯುವ ಹೆಕ್ಸ್ ಬೋಲ್ಟ್, ಸಾದಾ ಅಲೆನ್ ಬೋಲ್ಟ್, ಪ್ಯಾನ್ ಹೆಡ್ ಸ್ಕ್ರೂ ಇವುಗಳ ಉದ್ದವನ್ನು ತಲೆಯ ಕೆಳಗಿನಿಂದ ಎಣಿಸಬೇಕು. ತಲೆ ಒಳಗಿಳಿದು ಸಮನಾಗಿ ಕೂರುವ ಸಿಎಸ್‌ಕೆಯ ಉದ್ದವನ್ನು ತಲೆಯ ಮೇಲ್ಮೈಯಿಂದ ತುದಿಯವರೆಗೆ ಎಣಿಸಬೇಕು. ತಲೆಯೇ ಇಲ್ಲದ ಗ್ರಬ್ ಸ್ಕ್ರೂವಿಗೆ ಪೂರ್ತಿ ಉದ್ದವೇ ಲೆಕ್ಕ. ಕೆಲಸದ ದೃಷ್ಟಿಯಿಂದ ಇದು ಸರಿಯಾದ ಪದ್ಧತಿಯೇ ಆಗಿದೆ, ಏಕೆಂದರೆ ಮೇಲ್ಮೈಯಿಂದ ಒಳಗೆ ಎಷ್ಟು ಇಳಿಯುತ್ತದೆ ಎಂಬುದೇ ಎರಡೂ ಕಡೆ ‘ಉದ್ದ’ ಎನಿಸಿಕೊಳ್ಳುತ್ತದೆ. ಆದರೆ ಅದನ್ನು ತಿಳಿಯದೆ ಅಳೆದವನಿಗೆ ಎಂ8 ಅಳತೆಯಲ್ಲಿ ತಲೆಯ ಎತ್ತರದಷ್ಟು, ಅಂದರೆ ಸುಮಾರು 4.5ರಿಂದ 5 ಮಿ.ಮೀ.ನಷ್ಟು, ವ್ಯತ್ಯಾಸ ಬಂದೇ ಬರುತ್ತದೆ.

ಐದು ಮಿಲಿಮೀಟರ್ ಕಡಿಮೆಯಾದರೆ ಏನಾಯಿತು ಎಂದು ಯಾರಾದರೂ ಕೇಳಬಹುದು. 25ರ ಸ್ಕ್ರೂವಿನಲ್ಲಿ 10 ಮಿ.ಮೀ. ಮುಚ್ಚಳದಲ್ಲಿ ಹೋದರೆ 15 ಮಿ.ಮೀ. ಬೀಡುಕಬ್ಬಿಣದೊಳಗೆ ಇಳಿಯುತ್ತದೆ. 20ರ ಸ್ಕ್ರೂವಿನಲ್ಲಿ ಇಳಿಯುವುದು 10 ಮಾತ್ರ. ರಂಧ್ರದ ಬಾಯಿಯ ಇಳಿಜಾರು ಅಂಚು (ಚೇಂಫರ್) ಮತ್ತು ಸ್ಕ್ರೂವಿನ ಮೊನೆಯನ್ನು ಕಳೆದರೆ ನಿಜವಾಗಿ ಹಿಡಿತಕ್ಕೆ ಸಿಗುವುದು ಎಂಟರ ಆಸುಪಾಸು. ಉಕ್ಕಿನಲ್ಲಿ ಸ್ಕ್ರೂವಿನ ವ್ಯಾಸದಷ್ಟು ಆಳ ಹಿಡಿದರೆ ಸಾಮಾನ್ಯವಾಗಿ ಸಾಕು. ಬೀಡುಕಬ್ಬಿಣದಲ್ಲಿ ವ್ಯಾಸದ ಒಂದೂವರೆ ಪಟ್ಟು ಬೇಕೆಂದು ಲೆಕ್ಕ ಹಿಡಿಯುತ್ತಾರೆ, ಅಂದರೆ ಎಂ8ಕ್ಕೆ 12 ಮಿ.ಮೀ. ಸ್ಕ್ರೂ ಗಟ್ಟಿ ಉಕ್ಕಿನದಾಗಿದ್ದುದರಿಂದ ಅದು ತಾಳಿಕೊಂಡಿತು, ಸೋತದ್ದು ಬೀಡುಕಬ್ಬಿಣದ ಎರಕ. ಮೇಲಿನ ಥ್ರೆಡ್ ಹಾಳಾದ ಮೇಲೆ 25ರ ಸ್ಕ್ರೂ ತಂದು ಹಾಕಿದರೂ ಕೆಳಗೆ ಉಳಿದ ಐದು ಮಿಲಿಮೀಟರಿನಲ್ಲಷ್ಟೇ ಅದಕ್ಕೆ ಹಿಡಿತ. ಕೊನೆಗೆ ಮೂರು ಗೇರ್‌ಬಾಕ್ಸುಗಳ ರಂಧ್ರಗಳನ್ನು ದೊಡ್ಡದು ಮಾಡಿ, ಬೇರೆ ಟ್ಯಾಪ್ ಹೊಡೆದು (ಹೊಸ ಥ್ರೆಡ್ ಕೊರೆದು), ತಂತಿ ಸುರುಳಿಯ ಇನ್ಸರ್ಟ್ ಕೂರಿಸಿ ಸರಿಪಡಿಸಿದೆವು. ಸ್ಕ್ರೂಗಳ ಬೆಲೆಗಿಂತ ಆ ಇನ್ಸರ್ಟುಗಳ ಬೆಲೆ ಹೆಚ್ಚಾಯಿತು, ಕಾಕಾ ಅವರ ಎರಡು ದಿನದ ಕೆಲಸ ಬೇರೆ.

ಉದ್ದದ ವಿಷಯ ಹೀಗಾದರೆ, ಥ್ರೆಡ್ಡಿನ ವಿಷಯದಲ್ಲಿ ನಮ್ಮ ಭಾಗದ ತೊಡಕು ಬೇರೆಯದು. ಇಲ್ಲಿನ ಅಂಗಡಿ ಮತ್ತು ಗ್ಯಾರೇಜುಗಳಲ್ಲಿ ಇಂದಿಗೂ ಸೂತದ ಲೆಕ್ಕ ನಡೆಯುತ್ತದೆ. ಒಂದು ಸೂತ ಎಂದರೆ ಇಂಚಿನ ಎಂಟನೆಯ ಒಂದು ಭಾಗ. ‘ಎರಡೂವರೆ ಸೂತ’ ಎಂದು ಕೇಳಿದರೆ 5/16 ಇಂಚಿನ ಬೋಲ್ಟ್ ಕೊಡುತ್ತಾರೆ. ಅದರ ವ್ಯಾಸ 7.94 ಮಿ.ಮೀ. ಎಂ8 ಬೋಲ್ಟಿನ ಪಕ್ಕದಲ್ಲಿಟ್ಟರೆ ಬರಿಗಣ್ಣಿಗೆ ಎರಡಕ್ಕೂ ಭೇದ ಕಾಣುವುದಿಲ್ಲ. ಆದರೆ ಹಳೆಯ ಬ್ರಿಟಿಷ್ ವಿಟ್‌ವರ್ತ್ ಪದ್ಧತಿಯ 5/16 ಬೋಲ್ಟಿಗೆ ಇಂಚಿಗೆ 18 ಸುರುಳಿಗಳು, ಅಂದರೆ ಪಿಚ್ (ಒಂದು ಸುರುಳಿಯಿಂದ ಮುಂದಿನದಕ್ಕಿರುವ ಅಂತರ) ಸುಮಾರು 1.41 ಮಿ.ಮೀ.; ಎಂ8ರ ಸಾಮಾನ್ಯ ಪಿಚ್ 1.25. ಸುರುಳಿಯ ಕೋನವೂ ವಿಟ್‌ವರ್ತಿನಲ್ಲಿ 55 ಡಿಗ್ರಿ, ಮೆಟ್ರಿಕ್‌ನಲ್ಲಿ 60. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಬಿಟ್ಟು, ಪಾನಾ ಹಾಕಿ ಬಲವಂತ ಮಾಡಿದರೆ ಎರಡೂ ಕೆಡುತ್ತವೆ. ಅಪ್ಪನ ಕಾಲದ ಯಂತ್ರವನ್ನು ದುರಸ್ತಿಗೆ ತರುವ ರೈತರ ಬೋಲ್ಟುಗಳಲ್ಲಿ ಇದನ್ನು ಪದೇಪದೇ ನೋಡುತ್ತೇನೆ. ಆದ್ದರಿಂದ ಹಳೆಯ ಮಾದರಿ ಕೈಗೆ ಬಂದ ಕೂಡಲೇ ವ್ಯಾಸಕ್ಕಿಂತ ಮೊದಲು ಪಿಚ್ ಗೇಜ್ ಹಚ್ಚಿ ನೋಡುತ್ತೇನೆ. ಗೇಜಿನ ಹಲ್ಲುಗಳ ನಡುವೆ ಬೆಳಕು ಕಾಣಿಸಿದರೆ ಅದು ಆ ಪಿಚ್ ಅಲ್ಲ.

ಮೆಟ್ರಿಕ್ಕಿನೊಳಗೂ ಎರಡು ಬಗೆ ಇವೆ. ಬರೀ ಎಂ10 ಎಂದು ಬರೆದರೆ ಒರಟು ಪಿಚ್, ಅಂದರೆ 1.5 ಎಂದೇ ಅರ್ಥ. ಸಣ್ಣ ಪಿಚ್ಚಿನ ಎಂ10 × 1.25 ಬೇಕಿದ್ದರೆ ಅದನ್ನು ಬರೆಯಲೇಬೇಕು. ನಿಯಮದ ಪ್ರಕಾರ ಬೇಡವಾದರೂ ನಾನು ಈಗ ಒರಟು ಪಿಚ್ಚನ್ನೂ ಬರೆಯುತ್ತೇನೆ, ಏಕೆಂದರೆ ಓದುವವರಿಗೆ ಊಹೆ ಮಾಡುವ ಅಗತ್ಯ ಉಳಿಯಬಾರದು.

ಡಿಐಎನ್ (ಜರ್ಮನ್ ಮಾನಕ) ಮತ್ತು ಐಎಸ್ಒ (ಅಂತರರಾಷ್ಟ್ರೀಯ ಮಾನಕ) ಸಂಖ್ಯೆಗಳನ್ನು ನಾನು ಬಹಳ ದಿನ ಅಲಂಕಾರವೆಂದೇ ತಿಳಿದಿದ್ದೆ. ಡಿಐಎನ್ 933ರ ಎಂ10 ಬೋಲ್ಟಿನ ತಲೆಗೆ 17ರ ಪಾನಾ ಬೇಕು, ಐಎಸ್ಒ 4017ರ ಅದೇ ಬೋಲ್ಟಿಗೆ 16 ಸಾಕು. ಒಂದೇ ಯಂತ್ರದಲ್ಲಿ ಎರಡೂ ಬೆರೆತರೆ ಹೊಲದಲ್ಲಿ ನಿಂತು ಬಿಚ್ಚುವವರಿಗೆ ಕಷ್ಟ. ಈ ಎರಡೂ ಪೂರ್ತಿ ಥ್ರೆಡ್ಡಿನ ಬೋಲ್ಟುಗಳು. ಪಿನ್ನಿನಂತೆ ಅಡ್ಡಹೊರೆ ತಾಳಬೇಕಾದ ಜಾಗಕ್ಕೆ ನುಣುಪಾದ ಕಾಂಡವಿರುವ ಐಎಸ್ಒ 4014 ಬೇಕು. ಅದರಲ್ಲಿ ಎಂ12 × 80 ಬೋಲ್ಟಿಗೆ ಥ್ರೆಡ್ ಇರುವುದು ತುದಿಯ 30 ಮಿ.ಮೀ.ನಲ್ಲಿ ಮಾತ್ರ.

ಇನ್ನು ಗ್ರೇಡ್, ಅಂದರೆ ಬೋಲ್ಟಿನ ಬಲದ ದರ್ಜೆ. ತಲೆಯ ಮೇಲಿನ 8.8 ಎಂಬ ಸಂಖ್ಯೆಯಲ್ಲಿ ಮೊದಲಿನ 8 ಅನ್ನು ನೂರರಿಂದ ಗುಣಿಸಿದರೆ ಎಳೆತಕ್ಕೆ ಬೋಲ್ಟ್ ತುಂಡಾಗುವ ಮಿತಿ 800 ಮೆಗಾಪಾಸ್ಕಲ್ (ಒತ್ತಡದ ಅಳತೆ). ಚುಕ್ಕಿಯ ನಂತರದ 8 ಎಂದರೆ ಅದರ ಶೇಕಡಾ 80ರಷ್ಟು, ಅಂದರೆ 640ರವರೆಗೆ ಬೋಲ್ಟ್ ಶಾಶ್ವತವಾಗಿ ಹಿಗ್ಗುವುದಿಲ್ಲ ಎಂದು ಅರ್ಥ. 12.9ರಲ್ಲಿ ಈ ಅಂಕಿಗಳು 1200 ಮತ್ತು 1080. ಇದನ್ನು ಕಲಿತ ಮೇಲೆ ದೊಡ್ಡ ಸಂಖ್ಯೆಯೇ ಒಳ್ಳೆಯದು ಎಂದು ನಂಬಿ ಪುಲ್ಲಿಯ ಅಲೆನ್ ಬೋಲ್ಟುಗಳನ್ನೆಲ್ಲ 12.9 ತರಿಸಿದೆ. ಕಪ್ಪು ಬಣ್ಣದ ಆ ಬೋಲ್ಟುಗಳು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ ಎಂದು ಧಾರವಾಡದ ಕಡೆಯ ಗಿರಾಕಿಗಳು ದೂರಿದಾಗ, ಅವನ್ನೇ ಝಿಂಕ್ ಪ್ಲೇಟಿಂಗ್ ಮಾಡುವವರ ಬಳಿ ಕಳಿಸಿದೆ. ಹೊಳೆಯುತ್ತ ಬಂದವು. ಸಂಜೆ ಬಿಗಿದ ಬೋಲ್ಟುಗಳಲ್ಲಿ ಎರಡರ ತಲೆಗಳು ಬೆಳಿಗ್ಗೆ ನೆಲದ ಮೇಲೆ ಬಿದ್ದಿದ್ದವು. ಯಂತ್ರ ಇನ್ನೂ ಒಮ್ಮೆಯೂ ತಿರುಗಿರಲಿಲ್ಲ. ಮುರಿದ ಜಾಗದಲ್ಲಿ ಎಳೆದು ಸಣ್ಣಗಾದ ಗುರುತಿರಲಿಲ್ಲ. ಸಕ್ಕರೆಯ ಹರಳಿನಂತೆ ಒರಟಾಗಿ ಮಿನುಗುತ್ತಿತ್ತು.

ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಸತುವು ಹಚ್ಚುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. 8.8ರಂತಹ ಮೆದು ಉಕ್ಕಿಗೆ ಅದರಿಂದ ಅಷ್ಟು ಬಾಧೆಯಿಲ್ಲ. 12.9ರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 39ರಿಂದ 44. ಅಷ್ಟು ಗಡಸಾದ ಉಕ್ಕು ಬಿಗಿತದಲ್ಲಿದ್ದಾಗ ಹೈಡ್ರೋಜನ್ ಒತ್ತಡವಿರುವಲ್ಲಿಗೆ ಸರಿದು ಸೇರಿ, ಗಂಟೆಗಳೋ ದಿನಗಳೋ ಕಳೆದ ಮೇಲೆ ಬೋಲ್ಟನ್ನು ಸೀಳಿಬಿಡುತ್ತದೆ. ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದರೆ ಅಪಾಯ ತಗ್ಗುತ್ತದೆ. ಅದನ್ನು ನಾನು ಕೇಳಿರಲಿಲ್ಲ, ಅವರು ಮಾಡಿರಲಿಲ್ಲ. ತಲೆ ಹಾರಿದ್ದು ಖಾಲಿ ಶೆಡ್ಡಿನಲ್ಲಿ ಎಂಬುದು ಪುಣ್ಯ. ರಾಶಿಯ ಕಣದಲ್ಲಿ, ಜನ ಸುತ್ತ ನಿಂತಾಗ ಹಾರಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಪುಲ್ಲಿಗೆ ಬೇಕಾದ ಬಲವನ್ನು ಮತ್ತೆ ಲೆಕ್ಕ ಹಾಕಿದಾಗ 8.8 ಧಾರಾಳವಾಗಿ ಸಾಕಾಗುತ್ತಿತ್ತು; ಕಾರ್ಖಾನೆಯಿಂದಲೇ ಝಿಂಕ್ ಆಗಿ ಬರುವ ಆ ಬೋಲ್ಟನ್ನೇ ಈಗ ತರಿಸುತ್ತೇವೆ.

ಈಗ ನನ್ನ ಆರ್ಡರಿನ ಸಾಲು ಹೀಗಿರುತ್ತದೆ: ‘ಅಲೆನ್ ಸಿಎಸ್‌ಕೆ ಸ್ಕ್ರೂ, ಡಿಐಎನ್ 7991, ಎಂ8 × 1.25 × 25 (ತಲೆ ಸೇರಿ ಪೂರ್ತಿ ಉದ್ದ), ಗ್ರೇಡ್ 10.9, ಕಪ್ಪು, ಪ್ಲೇಟಿಂಗ್ ಬೇಡ, 500 ನಗ.’ ನಗ ಎಂಬುದನ್ನೂ ಬಿಡುವುದಿಲ್ಲ, ಏಕೆಂದರೆ ಹೆಕ್ಸ್ ಬೋಲ್ಟುಗಳನ್ನು ಹಲವರು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಫೋನಿನಲ್ಲಿ ಮಾತಾದರೂ ಈ ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿ, ಅವರು ಅದನ್ನೇ ತಿರುಗಿ ಬರೆದು ಒಪ್ಪಿದ ಮೇಲೆ ಹಣದ ಮಾತು. ಮಾಲು ಬಂದಾಗ ಪ್ರತಿ ಡಬ್ಬಿಯಿಂದ ಐದನ್ನು ತೆಗೆದು ಉದ್ದ, ಪಿಚ್, ತಲೆಯ ಗುರುತು ನೋಡುತ್ತೇನೆ. ಒಂದನ್ನು ಕಾಕಾ ಅವರು ನಿಜವಾದ ಗೇರ್‌ಬಾಕ್ಸಿನ ರಂಧ್ರದಲ್ಲಿ ಕೈಯಿಂದಲೇ ತಿರುಗಿಸಿ ನೋಡಿ, ಸುತ್ತುಗಳನ್ನು ಎಣಿಸುತ್ತಾರೆ. 15 ಮಿ.ಮೀ. ಇಳಿಯಲು 1.25ರ ಪಿಚ್ಚಿನಲ್ಲಿ ಹನ್ನೆರಡು ಸುತ್ತು ಆಗಬೇಕು.

ಅಂದಿನ 20ರ ಸ್ಕ್ರೂಗಳಲ್ಲಿ ಉಳಿದವನ್ನು ವಾಪಸು ಮಾಡಲಿಲ್ಲ. 5 ಮಿ.ಮೀ. ದಪ್ಪದ ತಪಾಸಣಾ ಮುಚ್ಚಳಕ್ಕೆ ಅವು ಸರಿಯಾಗಿ 15 ಮಿ.ಮೀ. ಇಳಿಯುತ್ತವೆ, ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ‘5ರ ಪ್ಲೇಟಿಗೆ ಮಾತ್ರ’ ಎಂದು ಬರೆದು ಬೇರೆ ಕಪಾಟಿನಲ್ಲಿಟ್ಟಿದ್ದೇವೆ.