ಲೆಕ್ಕದ ಮೇಷ್ಟ್ರು ಕಂಡ ಒಂದು ವರ್ಷ

ಹನುಮಂತನಗರದ ನಮ್ಮ ಟ್ರಸ್ಟಿನ ಸಂಜೆ ಪಾಠಕ್ಕೆ ಜೂನ್‌ನಲ್ಲಿ ಮಕ್ಕಳು ಬರುವುದೇ ನೋಟ್‌ಬುಕ್ಕಿನ ಆಸೆಗೆ. ಬರಲಿ ಬಿಡಿ, ಬಂದವರು ಕೂರುತ್ತಾರೆ. ಮೊದಲು ಐದು ನಿಮಿಷ ಧ್ಯಾನ. ಹಿಂದಿನ ಸಾಲಿನವರದು ಒಂದು ಕಣ್ಣು ತೆರೆದೇ ಇರುತ್ತದೆ. ಆಮೇಲೆ ನನ್ನ ಬೀಜಗಣಿತ.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಗಣಿತದ ಪುಸ್ತಕವೇ ಎಲ್ಲಕ್ಕಿಂತ ಮೊದಲು ಮಣೆ ಏರುತ್ತದೆ. ಮೇಲೆ ಕುಂಕುಮ, ಎರಡು ಸೇವಂತಿಗೆ. ಈ ಸಲ "ಸಾರ್, ನಿಮ್ಮದೂ ಇಡಿ" ಅಂತ ನನ್ನ ಗೈಡನ್ನೂ ಕಿತ್ತುಕೊಂಡರು!

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ವಾರದ ಹಾಜರಿ ಕೇಳಬೇಡಿ. ಜನವರಿ 12 ವಿವೇಕಾನಂದ ಜಯಂತಿ, ಭಾಷಣ ಸ್ಪರ್ಧೆ. ಎಲ್ಲರದೂ 'ಏಳಿ, ಎದ್ದೇಳಿ'ಯಿಂದಲೇ ಶುರು. ಫೆಬ್ರವರಿಯಿಂದ ಎಸ್ಸೆಸ್ಸೆಲ್ಸಿಯವರಿಗೆ ರಾತ್ರಿ ಒಂಬತ್ತರವರೆಗೆ ಪಾಠ. ಚಿತ್ರಾನ್ನ ಟ್ರಸ್ಟಿನದು.