ಸೋಣ ತಿಂಗಳಲ್ಲಿ ಕಾರ್ಕಳದ ಪದವು

ಕಾರ್ಕಳಕ್ಕೆ ಹೋಗಿದ್ದು ನಮ್ಮೆಜಮಾನ್ರ ಸೋದರತ್ತೆ ಮನೆಗೆ, ಆಗಸ್ಟ್ ಕೊನೇಲಿ. ಮೊದಲೆರಡು ದಿನ ಎಲ್ರೂ ನೋಡೋದನ್ನೇ ನೋಡಿದ್ವಿ, 42 ಅಡಿಯ ಗೊಮ್ಮಟ, ವರಂಗದಲ್ಲಿ ದೋಣಿಯಲ್ಲಿ ಹೋಗೋ ಕೆರೆ ಬಸದಿ, ಚೆನ್ನಾಗಿದ್ವು. ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಮೂರನೇ ದಿನದ ಬೆಳಗ್ಗೆಗೋಸ್ಕರ.

ಮನೆ ಹಿಂದೆ ಗುಡ್ಡ ಹತ್ತಿದ್ರೆ ಮೇಲೆ ಪದವು, ಅಂದ್ರೆ ಚಪ್ಪಟೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲು. ಬೇಸಿಗೇಲಿ ಅಲ್ಲಿ ಕಾಲಿಡೋಕಾಗಲ್ಲ, ಅಷ್ಟು ಸುಡುತ್ತೆ. "ಎಂತ ಉಂಟು ಮಾರಾಯ್ತಿ ಅಲ್ಲಿ ನೋಡ್ಲಿಕ್ಕೆ" ಅಂದ್ರು ಅತ್ತೆ, ಆಮೇಲೆ ಹೊಸ್ತಿಲ ಪೂಜೆಗೆ ಹೂ ಬೇಕು ಅಂತ ತಾವೂ ಹೊರಟ್ರು. ಸೋಣ ಅಂದ್ರೆ ತುಳುವರ ಲೆಕ್ಕದಲ್ಲಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ತಿಂಗಳು, ಅದು ಪೂರ್ತಿ ಅಲ್ಲಿ ಹೆಣ್ಮಕ್ಕಳು ಹೊಸ್ತಿಲಿಗೆ ಪೂಜೆ ಮಾಡ್ತಾರೆ.

ಮೇಲೆ ಹೋಗಿ ನೋಡಿದ್ರೆ ಕಲ್ಲೇ ಕಾಣಲ್ಲ! ಎಲ್ಲಾ ನೇರಳೆ. ಕಿರುಬೆರಳ ಉಗುರಷ್ಟು ಹೂಗಳು, ದಾರದಂಥ ದಂಟು ಪಕ್ಕದ ಹುಲ್ಲಿಗೆ ಸುತ್ಕೊಂಡು ನಿಂತಿರುತ್ತೆ, ಹತ್ರ ಹೋದ್ರೆ ಎಸಳ ಮೇಲೆ ಬಲೆ ಬಲೆ ಗೆರೆ. ಯುಟ್ರಿಕುಲೇರಿಯ ಅಂತ ಇದರ ಹೆಸರು, ನೆನೆದ ಮಣ್ಣೊಳಗೆ ಸಣ್ಣ ಸಣ್ಣ ಚೀಲ ಇಟ್ಕೊಂಡು ನೀರಲ್ಲಿರೋ ಹುಳಗಳನ್ನ ಎಳ್ಕೊಳ್ಳುತ್ತೆ, ಯಾಕಂದ್ರೆ ಈ ತೆಳು ಮಣ್ಣಲ್ಲಿ ಸಾರಜನಕ ಕಮ್ಮಿ, ಇರೋದನ್ನೂ ಮಳೆ ತೊಳ್ಕೊಂಡು ಹೋಗುತ್ತೆ.

ಅಲ್ಲೇ ಇನ್ನೊಂದು ಗಿಡ, ಎಲೆ ತುಂಬ ಕೆಂಪು ಕೂದಲು, ಒಂದೊಂದರ ತುದೀಲೂ ಅಂಟಿನ ಹನಿ. ಒಂದು ಸೊಳ್ಳೆ ಸಿಕ್ಕಿಹಾಕ್ಕೊಂಡು ಒಂದೇ ಕಾಲು ಆಡಿಸ್ತಿತ್ತು. ಅತ್ತೆಗೆ ತೋರಿಸ್ದೆ. ಅವರು ಕುಕ್ಕರುಗಾಲಲ್ಲಿ ಕೂತು ಎಷ್ಟೋ ಹೊತ್ತು ನೋಡಿದ್ರು.

"ನಾವು ಸಣ್ಣದಿರುವಾಗ ದನ ಮೇಯಿಸ್ಲಿಕ್ಕೆ ಬರ್ತಿದ್ದದ್ದು ಇಲ್ಲಿಗೇ. ಇದನ್ನು ಎಷ್ಟು ಸಲ ತುಳಿದಿದ್ದೇನೋ. ಹುಳ ತಿನ್ನುದಾ ಇದು?"

"ಹೂಂ ಅತ್ತೆ."

"ಪಾಪ, ಅದಕ್ಕೂ ಹೊಟ್ಟೆ ಉಂಟಲ್ಲ."

ಆಮೇಲೆ ಅವರು ಹೂ ಕೊಯ್ದಿದ್ದು ಒಂದೇ ಹಿಡಿ, ಅದೂ ಒಂದೇ ಜಾಗದಿಂದಲ್ಲ, ಅಲ್ಲೊಂದು ಇಲ್ಲೊಂದು.

ವಾಪಸ್ ಬರುವಾಗ ಪಾಚಿ ಹಿಡಿದ ಕಲ್ಲಲ್ಲಿ ಜಾರಿ ಮಂಡಿ ತರಚ್ಕೊಂಡೆ. ಎಂಥಾ ಮಳೇಲೂ ಜಾರಲ್ಲ ಅಂತ ಅಂಗಡಿಯವನು ಆಣೆ ಮಾಡಿ ಕೊಟ್ಟ ಶೂ ಅದು, ಇವತ್ತಿಗೂ ಸಿಟ್ಟಿದೆ ನಂಗೆ. ಅತ್ತೆ ಬರಿಗಾಲಲ್ಲಿ ಆರಾಮಾಗಿ ನಡೆದ್ರು. ಹೋಗೋರು ನೀರು ಹರಿಯೋ ಕಪ್ಪು ಕಲ್ಲಿನ ಮೇಲೆ ಕಾಲಿಡ್ಬೇಡಿ, ಹುಲ್ಲಿನ ಅಂಚಲ್ಲೇ ಹೋಗಿ, ಹೂ ಇರೋ ಕಡೆ ಮಾತ್ರ ತುಳೀಬೇಡಿ.

ಪದವಿನ ಆ ತುದೀಲಿ ಕಲ್ಲು ಕೊಯ್ಯೋ ಮೆಷಿನ್ ಸದ್ದು. ಮನೆ ಕಟ್ಟೋಕೆ ಕೆಂಪುಕಲ್ಲು ಬೇಕು, ಗೊತ್ತು, ಆದ್ರೆ ಆ ಹೂಗಳು ಬದುಕೋದು ಮೇಲಿನ ಒಂದೆರಡು ಇಂಚು ಮಣ್ಣಲ್ಲಿ, ಅದನ್ನ ಕೆರೆದು ಎಸೆದ್ಮೇಲೆ ಉಳಿಯೋದು ಹಸಿರು ನೀರು ತುಂಬಿದ ಚೌಕ ಗುಂಡಿ ಅಷ್ಟೇ. ಅದನ್ನ ಖಾಲಿ ಜಾಗ ಅಂತಾರಲ್ಲ, ಹೊಟ್ಟೆ ಉರಿಯುತ್ತೆ.

ಹೊರಡೋ ದಿನ ಹೊಸ್ತಿಲ ಎರಡೂ ತುದೀಲಿ ನೇರಳೆ ಹೂ ಇತ್ತು. ಅತ್ತೆ ಬಸ್ ಸ್ಟ್ಯಾಂಡ್ ತನಕ ಬಂದ್ರು. "ಬರುವ ಸೋಣಕ್ಕೆ ಬಾ, ದೀಪಾವಳಿಗೆ ಬಂದ್ರೆ ಬರೀ ಒಣಹುಲ್ಲು. ಆಚೆ ಬದಿಯಲ್ಲಿ ಇನ್ನೊಂದು ದಾರಿ ಉಂಟು, ಅಲ್ಲಿಗೆ ಮೆಷಿನ್ ಬರ್ಲಿಲ್ಲ ಇನ್ನೂ" ಅಂದ್ರು.