ಗುರು ಹೋದ ಮೇಲೆ ಗುರುಸೇವೆ

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಗದ್ದುಗೆಗೆ ಹಣೆ ಹಚ್ಚಿ "ಅಜ್ಜಾರು ನಮ್ಮನ್ನ ಬಿಟ್ಟು ಹ್ವಾದ್ರು" ಎಂದು ಕಣ್ಣು ಒರೆಸಿಕೊಳ್ಳುವ ಹಿರಿಯರು ಈಗಲೂ ಸಿಗುತ್ತಾರೆ. ಅಜ್ಜಾರು ಲಿಂಗೈಕ್ಯರಾದದ್ದು 2010ರ ಸೆಪ್ಟೆಂಬರ್ 17ರಂದು. ಆ ಕಣ್ಣೀರು ನನಗೂ ಬರುತ್ತದೆ. ಆದರೆ ಅಲ್ಲಿ ನಿಂತಾಗ ನನಗೆ ಹೆಚ್ಚು ನೆನಪಾಗುವುದು ಅಜ್ಜಾರೇ ತಮ್ಮ ಗುರುವನ್ನು ಕಳೆದುಕೊಂಡ ಕಾಲ.

1944ರ ಜೂನ್‌ನಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಗ ಪುಟ್ಟರಾಜರಿಗೆ ಮೂವತ್ತು ವರ್ಷ. ಎಳವೆಯಲ್ಲೇ ಕಣ್ಣು ಹೋಗಿತ್ತು; ಈಗ ಕೈ ಹಿಡಿದು ಸ್ವರ ಕಲಿಸಿದ ಗುರುವೂ ಇಲ್ಲ. ಆಶ್ರಮದ ತುಂಬ ಅಂಧ, ಅನಾಥ ಮಕ್ಕಳು. ಹೊತ್ತಾದರೆ ಅವರಿಗೆ ಅನ್ನ ಬೇಕು. ಅಜ್ಜಾರು ತಮ್ಮ ದುಃಖವನ್ನೆಲ್ಲ ದುಡಿಮೆಗೆ ಹಚ್ಚಿದರು. ನಾಟಕ ಬರೆದು ಊರೂರಲ್ಲಿ ಆಡಿಸಿದರು, ಪುರಾಣ ಹೇಳಿದರು, ಹಾಡಿದರು. ಭಕ್ತರು ತುಲಾಭಾರ ಮಾಡಿದರೆ ಆ ಹಣವೂ ಮಕ್ಕಳ ಊಟಕ್ಕೆ, ಪಾಠಕ್ಕೆ ಹೋಯಿತು. ಹೀಗೆ 66 ವರ್ಷ! ಇದಕ್ಕಿಂತ ದೊಡ್ಡ ಗುರುಪೂಜೆ ನನಗಂತೂ ಗೊತ್ತಿಲ್ಲ.

ಪಂಚಾಕ್ಷರ ಗವಾಯಿಗಳು ನಡೆದ ದಾರಿಯೂ ಇದೇ. ಅವರನ್ನು ಸಂಗೀತಕ್ಕೆ ಹಚ್ಚಿದ ಹಾನಗಲ್ಲ ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದ ಮೇಲೂ, ಗುರು ವಹಿಸಿದ ಕೆಲಸವನ್ನು ಅವರು ಉಸಿರಿರುವ ತನಕ ಬಿಡಲಿಲ್ಲ.

ಕಳೆದ ಪುಣ್ಯಸ್ಮರಣೆಗೆ ಹೋದಾಗ ಕಟ್ಟೆಯ ಮೇಲೆ ಇಬ್ಬರು ಹುಡುಗರು ಹಾರ್ಮೋನಿಯಂ ಮುಂದೆ ಕೂತಿದ್ದರು. ಇಬ್ಬರಿಗೂ ದೃಷ್ಟಿಯಿಲ್ಲ. ಚಿಕ್ಕವನು ಪೆಟ್ಟಿಗೆಗೆ ಹಣೆ ಮುಟ್ಟಿಸಿ, ಕರಿ ಮನೆಗಳ ನಡುವಿನ ಸಂದನ್ನು ಬೆರಳಿನಿಂದ ತಡವಿ ತಡವಿ ಹುಡುಕುತ್ತಿದ್ದ. ದೊಡ್ಡವನು ಅವನ ಕೈಮೇಲೆ ಕೈಯಿಟ್ಟು, "ತಮ್ಮಾ, ಅವಸರ ಮಾಡಬ್ಯಾಡ. ಮೊದಲ ಸಾ ಗಟ್ಟಿ ಹಿಡಿ" ಅಂದ. ಚಿಕ್ಕವನು ಹಿಡಿದ. ಸ್ವರ ಅಲುಗಾಡಿತು, ಮತ್ತೆ ನಿಂತಿತು. ಆ ಮಗು ಹುಟ್ಟುವ ಮೊದಲೇ ಅಜ್ಜಾರು ಲಿಂಗೈಕ್ಯರಾಗಿದ್ದರು. ಆದರೂ ಅವನ ಬೆರಳಿಗೆ ಸಿಕ್ಕ ಆ ಸಾ ಅಜ್ಜಾರದ್ದೇ, ಅವರ ಗುರುಗಳದ್ದೇ ಎಂದು ನಾನು ನಂಬುತ್ತೇನೆ.

ಮಧ್ಯಾಹ್ನ ಪಂಗತಿಯಲ್ಲಿ ಮಕ್ಕಳಿಗೆ ಬಡಿಸುವ ಸೇವೆ ಸಿಕ್ಕಿತು. ಕೈ ತೊಳೆದುಕೊಂಡು ಅಡುಗೆಮನೆಯವರನ್ನು ಕೇಳಿದೆ, ಇನ್ನೊಮ್ಮೆ ಬರುವಾಗ ಏನು ತರಲಿ ಎಂದು. "ಜ್ವಾಳ ಬರತಾವ್ರಿ, ತೊಗರಿಬ್ಯಾಳಿ ತರ್ರಿ" ಅಂದರು. ಜೂನ್‌ನಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೆಗೆ ಬೇಳೆಯ ಚೀಲ ಹೊತ್ತೇ ಹೋಗುವವನಿದ್ದೇನೆ.